ಅಡಿವೆಪ್ಪನ ಅಲೆ

ನಮ್ಮೂರಿನ ಗ್ರಂಥಾಲಯದಲ್ಲಿ ವಿಜ್ಞಾನ ಕಾದಂಬರಿಗಳಿಗೆ ಕೊನೆಯ ಹಾಳೆ ಇರುವುದಿಲ್ಲ. ಹೊಸ ಪುಸ್ತಕಗಳ ಕಟ್ಟು ಬಂದ ದಿನವೇ ಗ್ರಂಥಪಾಲಕಿ ಇಂದಿರಾಬಾಯಿಯವರು ಬ್ಲೇಡು ಹಿಡಿದು ಕೂತು, ಒಂದೊಂದರ ಕೊನೆಯ ಹಾಳೆಯನ್ನೂ ಹೊಲಿಗೆ ಬಿಚ್ಚದಂತೆ ಜೋಪಾನವಾಗಿ ಕತ್ತರಿಸಿ, ಲಕೋಟೆಗೆ ಹಾಕಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಹಾಳೆ ಬೇಕಾದವರು ಪುರಸಭೆಗೆ ಅರ್ಜಿ ಕೊಡಬೇಕು. ಅರ್ಜಿಯ ಮೇಲೆ ಎಡಮನೆ, ಬಲಮನೆ, ಎದುರುಮನೆಯವರ ಸಹಿ ಇರಬೇಕು. ಇವರ ಮನೆಯ ಮುಂದೆ ಜಾಗವಿದೆ, ಏನೇ ಬಂದರೂ ನಮ್ಮ ತಕರಾರಿಲ್ಲ ಎಂದು ಅವರು ಬರೆದುಕೊಡಬೇಕು. ಯಾಕೆಂದರೆ ಅಂಥ ಕಾದಂಬರಿಯನ್ನು ಪೂರ್ತಿ ಓದಿ ಮುಗಿಸಿದವರ ಮನೆಯ ಮುಂದೆ, ಮರುದಿನ ಬೆಳಗಾಗುವಷ್ಟರಲ್ಲಿ, ಆ ಕಾದಂಬರಿಯ ಸಂಕೇತ ಬಂದು ನಿಂತಿರುತ್ತದೆ. ಕಥೆಯ ತುಂಬ ಮತ್ತೆ ಮತ್ತೆ ಕಾಣಿಸಿಕೊಳ್ಳುವ, ಬರೆದವನು ಏನನ್ನೋ ಹೇಳಲೆಂದೇ ಇಟ್ಟ ಆ ಒಂದು ವಸ್ತು.

ಪ್ರೇಮ ಕಾದಂಬರಿ ಓದಿದರೆ ಏನೂ ಬರುವುದಿಲ್ಲ. ಸದ್ಯ, ಬಂದಿದ್ದರೆ ನಮ್ಮೂರಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಹಾಗಾದರೆ ಓದುವುದನ್ನೇ ಬಿಡಬಾರದೇ ಎಂದು ಪರವೂರಿನವರು ಕೇಳುತ್ತಾರೆ. ಅವರು ಬಸ್ ನಿಲ್ದಾಣದ ಹಿಂದಿನ ಮುದಿ ಸೂರ್ಯನನ್ನು ನೋಡಿಲ್ಲ. ಮೊರದಷ್ಟು ಅಗಲ, ಕೆಂಡದ ಬಣ್ಣ, ನೆಲದಿಂದ ಎದೆಮಟ್ಟದಲ್ಲಿ ತೂಗುತ್ತಾ ನಿಧಾನವಾಗಿ ಆರುತ್ತಿದೆ. ಆರಿ ಮುಗಿಯಲು ಇನ್ನೂ ಕೋಟಿ ವರ್ಷ ಬೇಕಂತೆ. ಅಲ್ಲಿಯವರೆಗೆ ಮಳೆಗಾಲದಲ್ಲಿ ಹೆಂಗಸರು ಅದರ ಸುತ್ತ ಹಪ್ಪಳ ಹರವುತ್ತಾರೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಗೋಡೆಯಿಲ್ಲದ ಬಾಗಿಲೊಂದು ನಿಂತಿದೆ. ಅದರ ಚಿಲಕಕ್ಕೆ ಕಿವಿಗೊಟ್ಟರೆ ಆ ಕಡೆಯಿಂದಲೂ ಯಾರೋ ಕಿವಿಗೊಟ್ಟು ಉಸಿರಾಡುತ್ತಿರುವುದು ಕೇಳಿಸುತ್ತದೆ. ಗಿರಣಿಗೆ ಬಂದವರು ಸರದಿ ಬರುವ ತನಕ ಆ ಉಸಿರನ್ನು ಕೇಳುತ್ತಾ ನಿಲ್ಲುತ್ತಾರೆ. ಇಷ್ಟು ವರ್ಷವಾಯಿತು, ಯಾರೂ ಚಿಲಕ ತೆಗೆದಿಲ್ಲ.

ಇಂಥವುಗಳನ್ನು ತೆಗೆಯುವುದೇ ನನ್ನ ಕೆಲಸ. ನನ್ನ ಹೆಸರು ಗುರುಬಸಪ್ಪ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ. ಪುರಸಭೆಯ ಕಾಗದಗಳಲ್ಲಿ ನಾನು ಸಂಕೇತ ವಿವರಣಾಧಿಕಾರಿ, ಊರವರ ಬಾಯಲ್ಲಿ ಬಿಡಿಸೋ ಮಾಸ್ತರ. ಯಾವುದಾದರೂ ಬಂದ ವಸ್ತು ರಸ್ತೆಗೆ, ಚರಂಡಿಗೆ ಅಡ್ಡವಾದರೆ ನನ್ನನ್ನು ಕರೆಯುತ್ತಾರೆ. ನಾನು ಆ ಕಾದಂಬರಿಯನ್ನೂ ಕೊನೆಯ ಹಾಳೆಯನ್ನೂ ತರಿಸಿಕೊಂಡು ಓದಿ, ವಸ್ತುವಿನ ಎದುರು ನಿಂತು, ಇದರ ಅರ್ಥ ಇದು ಎಂದು ಬಿಡಿಸಿ ಹೇಳುತ್ತೇನೆ. ಅರ್ಥ ಸರಿಯಾಗಿದ್ದರೆ ವಸ್ತು ಮಾಯವಾಗುತ್ತದೆ. ಗಾಜಿನ ಮರವನ್ನು 'ನೆನಪು' ಎಂದೆ, ಹೋಯಿತು. ಮುಖವಿಲ್ಲದ ಗಗನಯಾತ್ರಿಯ ಉಡುಪನ್ನು 'ಒಂಟಿತನ' ಎಂದೆ, ಅದೂ ಹೋಯಿತು. ಹೀಗೆ ನಲವತ್ತೊಂದು. ಒಂದೂ ತಪ್ಪಿರಲಿಲ್ಲ. ಈ ಬಗ್ಗೆ ನನಗೆ ಜಂಬವಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಲವತ್ತೊಂದು ಕಾದಂಬರಿಗಳನ್ನು ಕೊನೆಯ ಹಾಳೆಯ ಸಮೇತ ಓದಿದ ನನ್ನ ಮನೆಯ ಮುಂದೆ ಒಂದೇ ಒಂದು ವಸ್ತುವೂ ಬಂದು ನಿಲ್ಲಲಿಲ್ಲ. ಓದುತ್ತಾ ಓದುತ್ತಾ ಅರ್ಧಕ್ಕೇ ಅರ್ಥ ಹೊಳೆದುಬಿಡುತ್ತಿತ್ತು, ಅರ್ಥವಾಗಿಹೋದದ್ದು ಬಂದು ನಿಲ್ಲುವುದಿಲ್ಲ. ಕೆಲಸಕ್ಕೆ ನನ್ನನ್ನು ಆರಿಸಿದ್ದೇ ಅದಕ್ಕಾಗಿ. ಆದರೂ ಪ್ರತಿ ಪುಸ್ತಕ ಮುಗಿಸಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಾಗ ಈ ಸಲವಾದರೂ ಎಂದುಕೊಳ್ಳುತ್ತಿದ್ದೆ. ಅಂಗಳದಲ್ಲಿ ಪೇಪರು ಬಿದ್ದಿರುತ್ತಿತ್ತು, ಅಷ್ಟೆ.

ಅಡಿವೆಪ್ಪ ನಮ್ಮೂರಿನ ನೀರು ಬಿಡುವವನು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಓಣಿ ಓಣಿ ತಿರುಗಿ ನಲ್ಲಿಯ ವಾಲ್ವುಗಳನ್ನು ತಿರುವುತ್ತಿದ್ದ. ಟ್ಯಾಂಕು ತುಂಬುವ ತನಕ ಅದರ ನೆರಳಿನಲ್ಲಿ ಕೂತು ವಿಜ್ಞಾನ ಕಾದಂಬರಿ ಓದುತ್ತಿದ್ದ. ಊರಿಗೆಲ್ಲ ನೀರು ಬಿಡುತ್ತಿದ್ದ ಅವನಿಂದ ಮೇಲಿನ ಓಣಿಗೆ ಮಾತ್ರ ನೀರು ಮುಟ್ಟಿಸಲು ಆಗಲಿಲ್ಲ. ಅದು ಏರಿನ ಮೇಲಿದೆ, ಒತ್ತಡ ಸಾಲದು. ಮೂವತ್ತು ವರ್ಷ ಅವನು ವಾಲ್ವನ್ನು ಪೂರ್ತಿ ತೆರೆದಿಟ್ಟು, ಏರು ಹತ್ತಿ ಹೋಗಿ, ಒಂದೊಂದು ಮನೆಯ ಬಾಗಿಲು ಬಡಿದು "ನೀರು ಬಂತೇನವ್ವಾ?" ಎಂದು ಕೇಳುತ್ತಿದ್ದ. ಮೊದಲ ಮನೆಯ ದುರ್ಗವ್ವ ಬಾಯಿ ಜೋರಿನ ಮುದುಕಿ. "ನೀ ಬಂದಿ, ನೀರು ಬಂದಿಲ್ಲ" ಎಂದು ದಿನಾ ಬೈಯುತ್ತಿದ್ದಳು. ಮರುದಿನ ಮತ್ತೆ ಹೋಗಿ ಕೇಳುತ್ತಿದ್ದ.

ಅವನು ಕೊನೆಯ ಹಾಳೆಗೆ ಮೂರು ಸಲ ಅರ್ಜಿ ಹಾಕಿದ್ದ. ಮೂರೂ ಒಂದೇ ಪುಸ್ತಕದ್ದು. ಮೂರೂ ಸಲ ಸ್ಥಳ ನೋಡಿ 'ಜಾಗವಿಲ್ಲ' ಎಂದು ಬರೆದವನು ನಾನೇ. ಅವನ ಅಂಗಳ ನಾಲ್ಕು ಹೆಜ್ಜೆಯದು.

ಮೂರನೆಯ ಅರ್ಜಿಯ ಹೊತ್ತಿಗೆ ಅವನಿಗೆ ಎದೆಯ ಕಾಯಿಲೆ ಜೋರಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಆ ನಾಲ್ಕು ಹೆಜ್ಜೆಯ ಅಂಗಳದಲ್ಲಿ ಅಲೆ ನಿಂತಿತ್ತು. ಅಡಿವೆಪ್ಪ ಹೊರಸಿನ ಮೇಲೆ ಮಲಗಿ ಎರಡು ದಿನ ಅದನ್ನೇ ನೋಡಿದ. ಮೂರನೆಯ ದಿನ ತೀರಿಕೊಂಡ. ಹಾಳೆ ಎಲ್ಲಿಂದ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ. ಇಂದಿರಾಬಾಯಿ ಮರುಕ ಪಟ್ಟು ಕೊಟ್ಟಿರಬೇಕೆಂದು ನಾನು ಸುಮ್ಮನಾದೆ.

ಆ ಅಲೆಯನ್ನು ಹೇಗೆ ಹೇಳಲಿ? ಎರಡು ಮಾಳಿಗೆಯ ಎತ್ತರ. ಮೇಲೆದ್ದು, ಬಾಗಿ, ಇನ್ನೇನು ಬಿತ್ತು ಎನ್ನುವಲ್ಲಿ ನಿಂತುಬಿಟ್ಟಿತ್ತು. ತುದಿಯಲ್ಲಿ ನೊರೆ, ಕಡೆದಿಟ್ಟ ಬೆಣ್ಣೆಯ ಹಾಗೆ. ಮುಟ್ಟಿದರೆ ತಣ್ಣಗಿರುತ್ತಿತ್ತು, ಕೈ ಒದ್ದೆಯಾಗುತ್ತಿರಲಿಲ್ಲ. ಒಳಗೆ ನೋಡಿದರೆ ನೀಲಿಯ ಹಿಂದೆ ಕಪ್ಪು, ಕಪ್ಪಿನ ಹಿಂದೆ ಇನ್ನೂ ಆಳ, ಆ ಆಳದಲ್ಲಿ ನಮ್ಮ ಆಕಾಶದ್ದಲ್ಲದ ಎರಡು ಚಂದ್ರಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾಲ್ಕು ಹೆಜ್ಜೆಯ ಅಂಗಳದಲ್ಲಿ ಅಷ್ಟೊಂದು ಆಳ ಹೇಗೆ ಹಿಡಿಸಿತ್ತೋ! ಅಡಿವೆಪ್ಪನ ಹೆಂಡತಿ ಫಕೀರವ್ವ ಅದರ ನೆರಳಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬೇಳೆ ಆರಿಸುತ್ತಿದ್ದಳು, ಮಧ್ಯಾಹ್ನ ಅಲ್ಲೇ ಸೆರಗು ಹಾಸಿಕೊಂಡು ಮಲಗುತ್ತಿದ್ದಳು. ಅದರ ಒಳಗಿಂದ ಪಂಪು ಓಡುವಂಥ ಸಣ್ಣ ಸದ್ದು ಬರುತ್ತಿತ್ತು. ಅದಿಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು.

ಎರಡು ವರ್ಷ ಕಳೆಯಿತು. ಅಡಿವೆಪ್ಪ ಜೀವಮಾನವಿಡೀ ಕೇಳಿದ್ದ ಮೇಲಿನ ಓಣಿಯ ಹೊಸ ಪೈಪು ಕಡೆಗೂ ಮಂಜೂರಾಯಿತು. ಪೈಪು ಹೋಗಬೇಕಾದ ದಾರಿ ಮಾತ್ರ ಅವನ ಅಂಗಳದ ಮೇಲೆಯೇ ಇತ್ತು. ಎರಡೂ ಕಡೆ ಬಂಡೆ.

"ಸೋಮವಾರ ಯಂತ್ರ ಬರ್ತೈತಿ, ಮಾಸ್ತರ. ಅಷ್ಟರಾಗ ಅದನ್ನ ಬಿಡಿಸಿಬಿಡ್ರಿ" ಎಂದರು ಇಂಜಿನಿಯರ್ ಮಕ್ತುಂಸಾಹೇಬರು. "ಇಲ್ಲಾಂದ್ರ ಪೈಪು ಬ್ಯಾರೆ ಊರಿಗೆ ಹೋಗ್ತಾವ. ಮ್ಯಾಲಿನ ಓಣಿಯವ್ರು ಇನ್ನ ಹತ್ತು ವರ್ಷ ಕಾಯಬೇಕಾಕ್ಕೈತಿ."

ಆ ಕಾದಂಬರಿಯ ಗ್ರಂಥಾಲಯದಲ್ಲಿದ್ದ ಪ್ರತಿಯನ್ನೂ ಕೊನೆಯ ಹಾಳೆಯನ್ನೂ ತರಿಸಿಕೊಂಡು ಎರಡೇ ದಿನದಲ್ಲಿ ಓದಿದೆ. ದೂರದ ಗ್ರಹವೊಂದರ ಕಡಲ ದಂಡೆಯಲ್ಲಿ ಒಂದು ನಗರ. ಅದರ ನೆತ್ತಿಯ ಮೇಲೆ ನೂರು ವರ್ಷಗಳಿಂದ ಬೀಳದೆ ನಿಂತ ಅಲೆ. ಜನ ಹೆದರಿ ಹಡಗು ಕಟ್ಟಿಕೊಂಡು ನಕ್ಷತ್ರಗಳ ಕಡೆ ಓಡುತ್ತಾರೆ. ಕೊನೆಯ ಹಾಳೆಯಲ್ಲಿ ಅಲೆ ಬೀಳುತ್ತದೆ, ನಗರ ಮುಳುಗುತ್ತದೆ, ಹಡಗಿನಲ್ಲಿದ್ದವರು ತಾವು ಬಿಟ್ಟುಬಂದ ಪಾಪ ಅದು ಎಂದು ಅಳುತ್ತಾರೆ. ಇಷ್ಟು ಸುಲಭದ ಸಂಕೇತ ನನ್ನ ಪಾಲಿಗೆ ಬಂದದ್ದೇ ಅಪರೂಪ. ಶುಕ್ರವಾರ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡೇ ಹೋದೆ.

ಅಲೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು "ಇದು ಮನುಷ್ಯನ ಪಾಪಪ್ರಜ್ಞೆ" ಎಂದೆ.

ಅಲೆ ಅಲ್ಲಾಡಲಿಲ್ಲ. ಒಳಗಿನ ಚಂದ್ರಗಳು ಕೂಡ ತಮ್ಮ ಪಾಡಿಗೆ ಹೋಗುತ್ತಿದ್ದವು.

ಬೇಳೆ ಆರಿಸುತ್ತಿದ್ದ ಫಕೀರವ್ವ ತಲೆಯೆತ್ತಿ ನೋಡಿ ಮತ್ತೆ ಮೊರದ ಕಡೆ ಬಗ್ಗಿದಳು. ನಾನು "ಇದು ಕಾಲ" ಎಂದೆ. ಆಗಲಿಲ್ಲ. "ಇದು ಭಯ." ಇಲ್ಲ. ಬೆವರು ಒರೆಸಿಕೊಂಡು, ಸ್ವಲ್ಪ ಗಟ್ಟಿಯಾಗಿಯೇ, "ಇದು ಸಾವು!" ಎಂದೆ.

"ಸಾವಿನ ನೆರಳಾಗ ಕುಂತು ಬ್ಯಾಳಿ ಆರಿಸಾಕ ಬರ್ತೈತೇನ್ರಿ, ಮಾಸ್ತರ?" ಎಂದಳು ಫಕೀರವ್ವ. ವ್ಯಂಗ್ಯವೇನೂ ಇರಲಿಲ್ಲ. ನಿಜವಾಗಿಯೇ ಕೇಳಿದಳು.

ಶನಿವಾರವೂ ಹೋದೆ. ಇಪ್ಪತ್ತಾರು ಅರ್ಥ ಹೇಳಿದೆ. ತತ್ವಶಾಸ್ತ್ರ ಮುಗಿಯಿತು, ಸಮಾಜಶಾಸ್ತ್ರ ಮುಗಿಯಿತು. ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುತ್ತಾ ನನ್ನ ಫಜೀತಿ ನೋಡಿದರು. ನಲವತ್ತೊಂದು ಬಿಡಿಸಿದವನಿಗೆ ಒಂದು ಅಲೆ ಮಣಿಯುತ್ತಿಲ್ಲವಲ್ಲ ಎಂದು ನನಗೆ ಸಿಟ್ಟು, ಅವಮಾನ. ಅದರ ಅಡಿಯಲ್ಲಿ, ಯಾರಿಗೂ ಹೇಳಲಾಗದ ಒಂದು ಸಂತೋಷವೂ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಅರ್ಥವಾಗದ್ದೊಂದು ನನ್ನ ಎದುರು ನಿಂತಿತ್ತು.

ಫಕೀರವ್ವ ನೀರು ತಂದುಕೊಟ್ಟಳು. ಕುಡಿಯುತ್ತಾ ಕೂತಾಗ ಗೋಡೆಯ ಗೂಡಿನಲ್ಲಿ, ಅಡಿವೆಪ್ಪ ಗ್ರಂಥಾಲಯದಿಂದ ತಂದು ಇಟ್ಟುಕೊಂಡಿದ್ದ ಅದೇ ಕಾದಂಬರಿಯ ಪ್ರತಿ ಕಾಣಿಸಿತು. ರಟ್ಟಿನ ತುಂಬ ವಾಲ್ವಿನ ಗ್ರೀಸು. ತೆಗೆದು ಹಿಂದಿನಿಂದ ತೆರೆದೆ.

"ಇದರಾಗ ಕೊನೀ ಹಾಳೀನ ಇಲ್ಲಲ್ಲವಾ!" ಎಂದೆ.

"ಯಾವ ಪುಸ್ತಕದಾಗ ಇರ್ತೈತ್ರಿ? ಮೂರು ಸಲ ಬೇಡಿದ್ರು, ನೀವ ಕೊಡ್ಲಿಲ್ಲ. ಬ್ಯಾರೆ ಯಾರೂ ಕೊಡ್ಲಿಲ್ಲ."

ಇಂದಿರಾಬಾಯಿ ಹಾಳೆ ಕೊಟ್ಟಿರಬೇಕೆಂಬುದು ಬರೀ ನನ್ನ ಊಹೆಯಾಗಿತ್ತು. ಕಪಾಟಿನ ಬೀಗ ನನಗಾಗಿ ಯಾವಾಗಲೂ ತೆರೆಯುತ್ತಿತ್ತಲ್ಲ, ಬೇರೆಯವರ ಪುಸ್ತಕ ಹಾಳೆಯಿಲ್ಲದೆಯೇ ಉಳಿದುಬಿಡುತ್ತದೆಂಬುದು ಹೊಳೆದೇ ಇರಲಿಲ್ಲ. ಅಡಿವೆಪ್ಪ ಆ ಹಾಳೆಯನ್ನು ಓದಿಯೇ ಇರಲಿಲ್ಲ. ಅವನ ಅಲೆ ಬಿದ್ದಿರಲಿಲ್ಲ, ನಗರ ಮುಳುಗಿರಲಿಲ್ಲ, ಯಾರ ಪಾಪವೂ ಅದರಲ್ಲಿರಲಿಲ್ಲ.

"ಮತ್ತ ಅಲಿ ಹೆಂಗ ಬಂತು?" ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಫಕೀರವ್ವ ಮೊರ ಕೆಳಗಿಟ್ಟಳು. "ಹಾಳಿ ಕೊಡೂದಿಲ್ಲ ಅಂತ ಮೂರನೇ ಸಲ ಕಾಗದ ಬಂತಲ್ರಿ, ಅವತ್ತ ಹೊರಸಿನ ಮ್ಯಾಲ ಮಲ್ಕೊಂಡು ಅಂದ್ರು, 'ಇರ್ಲಿ ತೊಗೊ, ಕೊನೀದು ನಾನ ಹೇಳ್ತೀನಿ, ನೀ ಕೇಳು' ಅಂತ. ಪೂರಾ ಹೇಳಿದ್ರು. ನಾ ಕೇಳಿದೆ. ಮುಂಜಾನೆ ಎದ್ದು ನೋಡಿದ್ರ ಇದು ನಿಂತಿತ್ತು."

"ಏನ್ ಹೇಳಿದ?"

ಆಕೆ ಅಲೆಯ ಕಡೆ ತಿರುಗಿದಳು. "ಹೇಳಿದ್ರ ಇದು ಹೋಗ್ತೈತೇನ್ರಿ?"

ಸುಳ್ಳು ಹೇಳಬಹುದಿತ್ತು. ತಿಳಿದುಕೊಳ್ಳುವ ಆಸೆ ಅಷ್ಟು ಬಲವಾಗಿತ್ತು. ಆದರೆ ಆ ನೆರಳಿನಲ್ಲಿ ಹಾಸಿದ್ದ ಕೌದಿಯನ್ನೂ, ಅದರ ಪಕ್ಕ ಒರಗಿಸಿಟ್ಟಿದ್ದ ಆ ಉದ್ದನೆಯ ಕಬ್ಬಿಣದ ಕೀಲಿಯನ್ನೂ ನೋಡಿದೆ.

"ಹೋಗಬಹುದು, ಫಕೀರವ್ವ. ನನ್ನ ಬಾಯಿಂದ ನಲವತ್ತೊಂದು ಹೋಗ್ಯಾವ. ಒಂದೂ ತಿರುಗಿ ಬಂದಿಲ್ಲ. ನೀ ಹೇಳಬ್ಯಾಡ."

ಅಂದೇ ಸಂಜೆ ಪುರಸಭೆಗೆ ಬರೆದುಕೊಟ್ಟೆ: ಈ ಸಂಕೇತವನ್ನು ಬಿಡಿಸಲು ನನ್ನಿಂದ ಸಾಧ್ಯವಿಲ್ಲ, ಪಕ್ಕದ ಬಂಡೆಯನ್ನೇ ಒಡೆಯುವುದು. ಮಕ್ತುಂಸಾಹೇಬರು ಕಾಗದ ಓದಿ ತಲೆ ಮೇಲೆ ಕೈಯಿಟ್ಟುಕೊಂಡರು. ಒಳ್ಳೆಯ ಮನುಷ್ಯ. ಭಾನುವಾರ ನನ್ನನ್ನೂ ಕರೆದುಕೊಂಡು ಫಕೀರವ್ವನ ಮನೆಗೆ ಬಂದು, ಬಂಡೆ ಒಡೆಯಲು ಮಂಜೂರಿ ಇಲ್ಲ, ಸೋಮವಾರ ಪೈಪು ವಾಪಸು ಹೋಗುತ್ತವೆ, ಇದರಲ್ಲಿ ನಿನ್ನ ತಪ್ಪೇನಿಲ್ಲ ಎಂದು ತಾವೇ ತಿಳಿಸಿದರು.

ಮೇಲಿನ ಓಣಿಯ ಹೆಂಗಸರು ಕೊಡ ಹೊತ್ತು ಏರು ಹತ್ತುತ್ತಿದ್ದರು. ದುರ್ಗವ್ವನ ಸೊಸೆ ತುಂಬು ಬಸುರಿ, ಅಲೆಯ ಪಕ್ಕದಲ್ಲಿ ಕೊಡ ಇಳಿಸಿ ಸುಧಾರಿಸಿಕೊಂಡು, ಮತ್ತೆ ಎತ್ತಿಕೊಂಡು ಹೊರಟಳು. ಫಕೀರವ್ವ ಆ ಹುಡುಗಿಯ ಹಿಮ್ಮಡಿಯನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಮುಖ ತೊಳೆದು, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದಳು.

"ಬರ್ರಿ, ಮಾಸ್ತರ. ನಿಮ್ಮ ಹಂಗ ಅರ್ಥ ಹೇಳಾಕ ನಂಗ ಬರೂದಿಲ್ಲ. ಅವರು ಹೇಳಿದ್ದು ಹೇಳ್ತೀನಿ."

"ವಿಚಾರ ಮಾಡು, ತಂಗಿ" ಎಂದೆ. "ಎರಡು ವರ್ಷ ಇದರ ಬಾಜೂಕ ಮಲಗೀದಿ."

"ಮಾಡೇನ್ರಿ. ಮೂವತ್ತು ವರ್ಷ ಅವರು ಏರು ಹತ್ತಿ ಹೋಗಿ ಬೈಸಿಕೊಂಡು ಬಂದಾರ. ಅವರ ಅಂಗಳದಾಗ ಬಂದು ಪೈಪು ತಿರುಗಿ ಹೋತಂದ್ರ, ಆ ನೆರಳಾಗ ನಂಗ ನಿದ್ದಿ ಬರ್ತೈತೇನ್ರಿ?"

ಅಲೆಯ ಮೇಲೆ ಕೈಯಿಟ್ಟು ನಿಂತು, ಯಾರಿಗೋ ದಾರಿ ಹೇಳುವಷ್ಟು ಸಹಜವಾಗಿ ಶುರುಮಾಡಿದಳು.

"ಊರ ಮಂದೆಲ್ಲಾ ಹಡಗ ಹತ್ತಿ ಚುಕ್ಕಿಗೋಳ ಕಡೆ ಓಡಿದ್ರಂತ. ಒಬ್ಬಾಕಿ ಮುದುಕಿ ಅಷ್ಟ ಉಳದಿದ್ಲಂತ, ಖಾಲಿ ಕೊಡ ಹಿಡ್ಕೊಂಡು. ಆಕಿ ಅಲಿ ಮುಂದ ನಿಂತು ಕೇಳಿದ್ಲಂತ, 'ಯಾಕ ನಿಂತಿ? ಬೀಳೂದಿದ್ರ ಬಿದ್ದು ಮುಗಿಸಿಬಿಡು' ಅಂತ. ಆಗ ಅಲಿ ಅಂದಿತಂತ, 'ನಾ ಬೀಳಾಕ ಬಂದಿಲ್ಲವ್ವಾ. ನೀರು ಯಾರಿಗೆ ಮುಟ್ಟಿಲ್ಲ ಅಂತ ಕೇಳಾಕ ಬಂದಿದ್ದೆ. ಕೇಳೂದ್ರಾಗ ಎಲ್ಲಾರೂ ಹೆದರಿ ಓಡಿದ್ರು. ಇನ್ನ ಯಾರನ್ನ ಕೇಳ್ಲಿ ಅಂತ ನೂರು ವರ್ಷ ಹಿಂಗ ನಿಂತೀನಿ.' ಮುದುಕಿ ಅಂದ್ಲಂತ, 'ನಂಗ ಮುಟ್ಟಿಲ್ಲ ನೋಡಪಾ, ನಮ್ಮ ಓಣಿಗೂ ಮುಟ್ಟಿಲ್ಲ.' ಅಷ್ಟ ಕೇಳಿ ಅಲಿ..."

ಆಕೆಯ ದನಿ ನಿಂತಿತು. ಕೈ ಅಲೆಯ ಮೇಲೆಯೇ ಇತ್ತು. ಮಕ್ತುಂಸಾಹೇಬರು ಟೋಪಿ ತೆಗೆದಿದ್ದರು. ಒಳಗೆ ಹೋಗುತ್ತಿದ್ದ ಎರಡೂ ಚಂದ್ರಗಳು ನಿಂತಿದ್ದವು. ನಾನು ನೋಡಿದೆ, ನಿಜವಾಗಿಯೂ ನಿಂತಿದ್ದವು.

"ಅಲಿ, ಎಮ್ಮಿ ಮಲಗಿದ ಹಂಗ, ಮುಂಗಾಲ ಮಡಚಿ ಸಾವಕಾಶ ಮಲಗ್ತಂತ. ಮಲಗಿ, ಮನಿ ಮನಿಗೆ ಹೋತಂತ. ಅಷ್ಟ ಹೇಳಿ ಅವರು ನಿದ್ದಿ ಹೋದ್ರು."

ಅದು ಮಾಯವಾಗುತ್ತದೆ ಎಂದು ನಾನು ಕಣ್ಣು ಮುಚ್ಚಿದ್ದೆ. ನಲವತ್ತೊಂದು ಸಲವೂ ಹಾಗೆಯೇ ಆಗಿತ್ತು, ದೀಪ ಆರಿಸಿದಂತೆ, ವಸ್ತು ಇದ್ದ ಜಾಗದಲ್ಲಿ ಬರೀ ಗಾಳಿ. ಈ ಸಲ ಪಾದ ತಣ್ಣಗಾಯಿತು. ಕಣ್ಣು ತೆರೆದೆ. ಅಲೆ ಬಾಗುತ್ತಿತ್ತು. ನೊರೆಯ ತುದಿ ಫಕೀರವ್ವನ ತಲೆಯ ಮೇಲಿಂದ, ಒಂದು ಕೂದಲನ್ನೂ ತೋಯಿಸದೆ, ನಿಧಾನವಾಗಿ ನೆಲಕ್ಕೆ ಇಳಿಯಿತು. ಸದ್ದಿಲ್ಲ, ರಭಸವಿಲ್ಲ. ಮೊಣಕಾಲೂರಿ ಮಲಗುವ ಪ್ರಾಣಿಯ ತಾಳ್ಮೆ ಅದಕ್ಕಿತ್ತು. ಅಷ್ಟೂ ಆಳ, ಅಷ್ಟೂ ನೀಲಿ ಮೊಳದೆತ್ತರದ ನೀರಾಗಿ ಅಂಗಳದಲ್ಲಿ ಹರಡಿತು. ಈಗ ಅದು ಒದ್ದೆಯಾಗಿತ್ತು. ನನ್ನ ಧೋತರ ನೆನೆಯಿತು, ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ಜಾರಿ ಅದರಲ್ಲಿ ಬಿತ್ತು. ನಾನು ಮಕ್ಕಳ ಹಾಗೆ ಅಳುತ್ತಿದ್ದೆ.

"ಮಾಸ್ತರ, ಅರ್ಥ ಏನಂತ ಬರೀಲಿ?" ಎಂದು ಮಕ್ತುಂಸಾಹೇಬರು ಪಿಸುಗುಟ್ಟಿದರು.

"ಗೊತ್ತಿಲ್ರಿ" ಎಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಅಷ್ಟು ಖುಷಿಯಿಂದ ಎಂದೂ ಆಡಿರಲಿಲ್ಲ.

ನೀರು ಅಂಗಳ ಬಿಟ್ಟು ಓಣಿಗೆ ಇಳಿಯಿತು. ಇಳಿಯಿತು ಎನ್ನುವುದು ಅಭ್ಯಾಸಬಲದ ಮಾತು. ಇಳಿಜಾರು ಬಲಕ್ಕಿತ್ತು, ನೀರು ಎಡಕ್ಕೆ ತಿರುಗಿತು. ಏರಿನ ಬುಡದಲ್ಲಿ, ಮೂವತ್ತು ವರ್ಷ ಒತ್ತಡ ಸಾಲದೆ ನಿಂತುಹೋಗುತ್ತಿದ್ದ ಜಾಗದಲ್ಲಿ, ಒಂದು ಕ್ಷಣ ತಡೆಯಿತು. ಅಂಗಳದ ತುದಿಯ ತನಕ ಅದರ ಜೊತೆಗೇ ನಡೆದುಬಂದಿದ್ದ ಫಕೀರವ್ವ, ನೆಂಟರನ್ನು ಕಳಿಸಿಕೊಡುವಾಗ ನಿಲ್ಲುವ ಹಾಗೆ ಸೆರಗು ಸರಿಮಾಡಿಕೊಂಡು ನಿಂತಳು.

"ಹೋಗಿ ಬರ್ರಿ" ಎಂದಳು.

ನೀರು ಏರು ಹತ್ತಿತು. ಕಲ್ಲು ಕಲ್ಲು ದಾಟಿ, ಉಸಿರು ಹಿಡಿದವರ ಹಾಗೆ ಅಲ್ಲಲ್ಲಿ ನಿಂತು, ಮತ್ತೆ ಹತ್ತಿತು. ಅದರ ಮೇಲೆ ಎರಡು ಚಂದ್ರಗಳ ಬೆಳಕು ಹಗಲಿನಲ್ಲಿಯೂ ಅಲ್ಲಾಡುತ್ತಿತ್ತು. ಕೊಡ ಹೊತ್ತ ಹೆಂಗಸರು ಎರಡೂ ಕಡೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ನಾವು ಹಿಂದೆ ಹಿಂದೆಯೇ ಹೋದೆವು. ಮರುದಿನ ಯಂತ್ರ ಬಂದು ಎರಡು ವಾರದಲ್ಲಿ ಪೈಪು ಹಾಕಿತು, ಈಗ ಮೇಲಿನ ಓಣಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ, ಅದು ನಿಮಗೂ ಗೊತ್ತಿರಲಿ. ಆದರೆ ಮೊದಲ ನೀರು ಬಂದದ್ದು ಪೈಪಿನಲ್ಲಿ ಅಲ್ಲ.

ಮೊದಲ ಮನೆಯ ಹೊಸ್ತಿಲಿಗೆ ಬಂದು ನೀರು ನಿಂತಿತು. ಬಾಗಿಲಿಗೆ ಮೆಲ್ಲಗೆ ಬಡಿಯಿತು, ಒಮ್ಮೆ, ಮತ್ತೊಮ್ಮೆ. ಒಳಗಿಂದ ದುರ್ಗವ್ವ ಕೋಲೂರಿಕೊಂಡು ಬಂದು ಬಾಗಿಲು ತೆಗೆದಳು. ಕಾಲಬುಡದಲ್ಲಿ ಕಾಯುತ್ತಿದ್ದುದನ್ನು ನೋಡಿದಳು. ಹಿಂದೆ ನಿಂತಿದ್ದ ನಮ್ಮನ್ನು ನೋಡಲಿಲ್ಲ. ಕೋಲು ಗೋಡೆಗೆ ಒರಗಿಸಿ, ಕಷ್ಟಪಟ್ಟು ಬಗ್ಗಿ, ಎರಡೂ ಅಂಗೈಯನ್ನು ನೀರಿನಲ್ಲಿಟ್ಟಳು.

"ಬಂತೋ ತಮ್ಮಾ" ಎಂದಳು. "ನೀರೂ ಬಂತು, ನೀನೂ ಬಂದಿ."

ನೀರು ಆ ಹೊಸ್ತಿಲ ಬಳಿ ಇನ್ನೊಂದು ಗಳಿಗೆ ನಿಂತು, ಪಕ್ಕದ ಮನೆಗೆ ಹೋಯಿತು.